ಸಿಡಿತದ ಬೆನ್ನಿಗೆ ಮೂರು ಮುಳ್ಳು

ಮಧ್ಯಾಹ್ನದ ಸೈರನ್ ಕೂಗಿದ ಮೇಲೆ ಗಣಿ ಸಿಡಿಯುವವರೆಗಿನ ಹೊತ್ತಿದೆಯಲ್ಲ, ಅದು ಆ ಬೀದಿಯಲ್ಲಿ ಯಾರ ಲೆಕ್ಕಕ್ಕೂ ಸೇರದ ಹೊತ್ತು. ಅಂಗಡಿಯವನು ತಕ್ಕಡಿಯನ್ನು ಕೈಯಲ್ಲಿ ಹಿಡಿದೇ ನಿಲ್ಲುತ್ತಾನೆ. ದರ್ಜಿ ಹೊಲಿಗೆ ಯಂತ್ರದ ಮೇಲಿಂದ ಕಾಲು ತೆಗೆಯುತ್ತಾನೆ. ಸೈಕಲ್ಲಿನವರು ಒಂದು ಕಾಲು ನೆಲಕ್ಕೂರಿ, ಮನೆಯಲ್ಲಿ ಏನೋ ಮರೆತು ಬಂದವರಂತೆ ಸುಮ್ಮನೆ ನೋಡುತ್ತಾರೆ. ಬಿಸಿಲು ಗೋಡೆಗಳ ಮೇಲೆ ಅಲ್ಲಾಡದೆ ಕೂತಿರುತ್ತದೆ. ಆಗ ನೆಲದೊಳಗಿಂದ ಅದು ಬರುತ್ತದೆ. ಸದ್ದಿಗಿಂತ ಮೊದಲು ನಡುಕ. ಪಾದದಡಿ ಯಾವುದೋ ದೊಡ್ಡ ಪ್ರಾಣಿ ನಿದ್ದೆಯಲ್ಲೇ ಮಗ್ಗುಲು ಬದಲಿಸಿದ ಹಾಗೆ. ಬಿಂದಿಗೆಯ ನೀರಿನಲ್ಲಿ ಉಂಗುರ ಏಳುತ್ತದೆ, ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತವೆ, ಬಾಗಿಲ ಸಂದಿಯ ಬೆಳಕಿನಲ್ಲಿ ಧೂಳು ಕುಣಿಯುತ್ತದೆ. ಆಮೇಲೆ ಢಮ್. ತಕ್ಕಡಿ ಇಳಿಯುತ್ತದೆ, ಹೊಲಿಗೆ ಮುಂದುವರಿಯುತ್ತದೆ, ಮಧ್ಯೆ ಏನೂ ಆಗಲೇ ಇಲ್ಲವೆಂಬಂತೆ ಎಲ್ಲರೂ ನಿಂತಲ್ಲಿಂದಲೇ ಮಾತು ಎತ್ತಿಕೊಳ್ಳುತ್ತಾರೆ.

ಈ ನಡುಕವನ್ನು ಅಳೆಯುವುದೇ ನಮ್ಮ ಮೇಷ್ಟ್ರ ಕೆಲಸ. ಹೆಸರಿಗಷ್ಟೇ ಮೇಷ್ಟ್ರು, ಜನ್ಮದಲ್ಲಿ ಒಂದು ದಿನವೂ ಶಾಲೆಯಲ್ಲಿ ಪಾಠ ಮಾಡಿದವರಲ್ಲ. ಗಣಿ ಕಚೇರಿಯ ನೌಕರ. ಆದರೆ ಯಾರಾದರೂ ಅಪ್ಪಿತಪ್ಪಿ ಅವರು ನಡುಕ ಅಳೆಯಲು ಹೊತ್ತು ತಿರುಗುವ ಹಳದಿ ಪೆಟ್ಟಿಗೆ ಏನೆಂದು ಕೇಳಿದರೋ, ಮುಗಿಯಿತು ಅವರ ಕಥೆ. ನೆಲಕ್ಕೆ ಮೂರು ಬಗೆಯ ನಡುಕ, ಮೇಲೆ ಕೆಳಗೆ, ಹಿಂದೆ ಮುಂದೆ, ಆ ಕಡೆ ಈ ಕಡೆ. ಅದಕ್ಕೇ ಕಾಗದದ ಮೇಲೆ ಮೂರು ಗೆರೆ. ಗಾಳಿಯ ಹೊಡೆತಕ್ಕೆ ನಾಲ್ಕನೆಯದು. ಹೀಗೆ ಬಿಸಿಲಲ್ಲಿ ನಿಲ್ಲಿಸಿಕೊಂಡು ಸುರು ಹಚ್ಚಿದರೆ ಕೇಳುವವರು ಆಕಳಿಸಿದರೂ ಬಿಡುತ್ತಿರಲಿಲ್ಲ. ಬೀದಿಯವರು ನಡುಕದ ಮೇಷ್ಟ್ರು ಎಂದು ಹೆಸರಿಟ್ಟು, ದೂರದಿಂದಲೇ ಕೈಮುಗಿದು, ಬೇರೆ ದಾರಿ ಹಿಡಿಯುತ್ತಿದ್ದರು.

ಗೋಡೆಗಳು ಬಿರುಕು ಬಿಡುತ್ತಿವೆ ಎಂದು ಬೀದಿಯವರು ಗಲಾಟೆ ಎಬ್ಬಿಸಿದಾಗ, ಪೆಟ್ಟಿಗೆಯನ್ನು ಗಣಿಗೆ ಅತಿ ಹತ್ತಿರದ ಮನೆಯಲ್ಲಿಡಬೇಕೆಂದು ಕಚೇರಿಯಿಂದ ಅಪ್ಪಣೆಯಾಯಿತು. ಬೀದಿಯ ಕೊನೆಯ ಮನೆ ಯಾರದು? ಮೇಷ್ಟ್ರದ್ದೇ. ಅಡುಗೆಮನೆಯ ಗೋಡೆಯ ಹೊರಬದಿಗೆ ಮಣ್ಣು ಬಿಗಿಮಾಡಿ, ಪೆಟ್ಟಿಗೆಗೆ ತಂತಿಯಿಂದ ಅಂಟಿಕೊಂಡ, ನಡುಕ ಹಿಡಿಯುವ ಮುಷ್ಟಿಗಾತ್ರದ ಗುಂಡನ್ನು ಅದರ ಮೂರು ಮೊಳೆಗಳ ಸಮೇತ ನೆಲಕ್ಕೆ ಒತ್ತಿದರು. ಅದರ ಬೆನ್ನ ಮೇಲಿನ ಬಾಣದ ಗುರುತನ್ನು ಗಣಿಯ ಕಡೆ ತಿರುಗಿಸಿದರು. ಜಾರದಿರಲೆಂದು ಮೇಲೊಂದು ಮರಳಿನ ಚೀಲ ಹೇರಿದರು. ಇಷ್ಟನ್ನೂ ಮಗುವನ್ನು ಮಲಗಿಸುವಷ್ಟು ಜೋಪಾನವಾಗಿ ಮಾಡಿದ ಮನುಷ್ಯ, ಮೈಕಿನ ವಿಷಯದಲ್ಲಿ ಮಾತ್ರ ಸೋಮಾರಿಯಾದರು. ಗಾಳಿಯ ಹೊಡೆತವನ್ನು ಹಿಡಿಯಲು ಕೋಲಿನ ತುದಿಗೊಂದು ಮೈಕು ಕಟ್ಟಬೇಕು, ಅದಕ್ಕೊಂದು ಸ್ಪಂಜಿನ ಟೋಪಿ. ಪಕ್ಕದ ಮನೆಯ ಕೋಳಿಗಳಿಗೆ ಆ ಸ್ಪಂಜಿನಲ್ಲಿ ಅದೇನು ರುಚಿ ಕಂಡಿತೋ ಏನೋ, ಎರಡು ಟೋಪಿ ಕುಕ್ಕಿ ಚಿಂದಿ ಮಾಡಿದವು. ಮೂರನೆಯದಕ್ಕೆ ಕಚೇರಿಯಲ್ಲಿ ಕೈಯೊಡ್ಡಲು ನಾಚಿಕೆಯಾಗಿ, ಬೀದಿಯವರ ಜಗಳ ಗೋಡೆಯದು ತಾನೆ, ಗಾಳಿಯದಲ್ಲವಲ್ಲ ಎಂದುಕೊಂಡು ಮೇಷ್ಟ್ರು ಮೈಕನ್ನೇ ಕಿತ್ತು ಪೆಟ್ಟಿಗೆಯ ಮುಚ್ಚಳದೊಳಗೆ ಹಾಕಿಬಿಟ್ಟರು. ಎಲ್ಲ ಯಡವಟ್ಟೂ ಅಲ್ಲಿಂದಲೇ ಶುರುವಾಯಿತು.

ಆ ಮನೆಯಲ್ಲಿ ಇದ್ದವರು ಇಬ್ಬರೇ, ಮೇಷ್ಟ್ರು ಮತ್ತು ಹೆಂಡತಿ. ಎರಡು ವರ್ಷದ ಹಿಂದೆ ಆಕೆಗೊಂದು ಜ್ವರ ಬಂತು. ವಾರಗಟ್ಟಲೆ ಸುಟ್ಟು ಕೊನೆಗೆ ಇಳಿಯಿತು, ಇಳಿಯುವಾಗ ಎರಡೂ ಕಿವಿಗಳನ್ನು ಕಟ್ಟಿಕೊಂಡು ಹೋಯಿತು. ಅದಕ್ಕೆ ಮೊದಲು ಆಕೆ ಮಾತಿನ ಮಲ್ಲಿ. ಹಾಲಿನವನನ್ನು ಗೋಳುಹೊಯ್ದುಕೊಳ್ಳದೆ ಲೋಟ ಮುಂದೆ ಹಿಡಿಯುತ್ತಿರಲಿಲ್ಲ. ಕಿವಿ ಹೋದ ಮೇಲೂ ಕೆಲವು ದಿನ ಮಾತಾಡಿದಳು. ಒಮ್ಮೆ ಅಂಗಡಿಯಲ್ಲಿ ತನ್ನ ದನಿ ಎಷ್ಟು ಜೋರಾಗಿದೆಯೆಂದು ತಿಳಿಯದೆ ಏನೋ ಕೇಳಿದಳು, ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿ ನಕ್ಕರು. ಅವರಿಗೇನು, ನಕ್ಕು ಮನೆಗೆ ಹೋದರು. ಆಕೆ ಬಾಯಿಗೆ ಬೀಗ ಹಾಕಿಕೊಂಡಳು, ಗಂಡನ ಮುಂದೂ ತೆಗೆಯಲಿಲ್ಲ.

ಮೇಷ್ಟ್ರು ಅಡುಗೆಮನೆಯ ಮೊಳೆಗೆ ಒಂದು ಸ್ಲೇಟು ತೂಗುಹಾಕಿದರು. ಮೊದಮೊದಲು ಅದರ ತುಂಬ ಬರೆಯುತ್ತಿದ್ದರು, ಅವಳೂ ಬರೆಯುತ್ತಿದ್ದಳು. ಬರಬರುತ್ತಾ ಸ್ಲೇಟಿನ ಮೇಲೆ ಉಳಿದದ್ದು ಉಪ್ಪು, ಸೋಪು, ಬರುವುದು ತಡ, ಇಷ್ಟೇ. ಕೆಟ್ಟ ಮನುಷ್ಯರೇನಲ್ಲ ಅವರು. ನೀರು ತುಂಬಿಸಿಡುತ್ತಿದ್ದರು, ಔಷಧಿ ಎಣಿಸಿ ಕೊಡುತ್ತಿದ್ದರು. ಆದರೆ ಮಾತು ಕೇಳಿಸದವಳ ಎದುರು ಹೇಗಿರಬೇಕೆಂದು ಅವರಿಗೆ ತಿಳಿಯಲಿಲ್ಲ, ತಿಳಿಯದ್ದನ್ನು ಒಪ್ಪಿಕೊಳ್ಳುವ ಜಾಯಮಾನ ಮೇಷ್ಟ್ರುಗಳದ್ದಲ್ಲ. ಮನೆ ನೀರೊಳಗೆ ಮುಳುಗಿದಂತೆ ಇತ್ತು. ಬೆಳಕು ಕಿಟಕಿಯಿಂದ ಬಂದು, ನೆಲದ ಮೇಲೆ ನಿಧಾನವಾಗಿ ಸರಿದು, ಎದುರು ಗೋಡೆ ಹತ್ತಿ ಹೊರಟುಹೋಗುತ್ತಿತ್ತು, ಅದನ್ನು ನೋಡುತ್ತಾ ಆಕೆ ದಿನ ಕಳೆಯುತ್ತಿದ್ದಳು.

ಇನ್ನು ಗಣಿಯಲ್ಲಿ ಮದ್ದು ಸಿಡಿಸುವವನು ಯಾರೆಂದು ಹೇಳಬೇಕು. ಆಕೆಯ ಒಡಹುಟ್ಟಿದ ತಮ್ಮ. ಗಣಿಯವರಿಗೆ ಅವನು ಢಮ್ಮಣ್ಣ. ಬಾಗಿಲಲ್ಲಿ ಅಡ್ಡಡ್ಡ ನುಗ್ಗಬೇಕಾದ ಆಳು, ಅಕ್ಕನ ಬಾಯಲ್ಲಿ ಮಾತ್ರ ಚಿಕ್ಕಂದಿನಿಂದ ಗುಬ್ಬಿ. ಮೊದಲೆಲ್ಲ ರಜೆ ಬಂತೆಂದರೆ ಈ ಮನೆಯ ಹೊಸ್ತಿಲ ಮೇಲೆ ಕೂತು ಅಕ್ಕನನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ. ಕಿವಿ ಹೋದ ಮೇಲೂ ಬಂದು, ಕೈಬಾಯಿ ತಿರುಗಿಸಿ ಹಳೆಯ ಜೋಕುಗಳನ್ನೇ ಆಡಿ ತೋರಿಸಿದ. ಅಕ್ಕ ಮನಸ್ಸು ನೋಯಿಸಬಾರದೆಂದು ನಕ್ಕಳು. ಆ ನಗು ನೋಡಲಾಗದೆ ಬಚ್ಚಲಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಹೋದವನು ಡ್ಯೂಟಿ ಡ್ಯೂಟಿ ಎಂದು ನೆಪ ಹೇಳುತ್ತಾ ಬರುವುದನ್ನೇ ಬಿಟ್ಟ.

ಪೆಟ್ಟಿಗೆ ಇಟ್ಟ ಮೊದಲ ದಿನವೇ ಕಾಗದದ ಮೇಲೆ ಒಂದು ವಿಚಿತ್ರ ಕಂಡಿತು. ದೊಡ್ಡ ನಡುಕ ಗುಡ್ಡದ ಹಾಗೆ ಎದ್ದು ಇಳಿದಿತ್ತು, ಸರಿ. ಕಾನೂನಿನ ಮಿತಿಯೊಳಗೇ ಇತ್ತು, ಅದೂ ಸರಿ. ಆದರೆ ಗುಡ್ಡದ ಹಿಂದೆ, ಗೆರೆ ಮತ್ತೆ ನೆಟ್ಟಗಾದ ಮೇಲೆ, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತಿನ ತರುವಾಯ ಮೂರು ಸಣ್ಣ ಮುಳ್ಳುಗಳು ಎದ್ದಿದ್ದವು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ನೋಡಿದರು. ಮರುದಿನವೂ ಮೂರು ಮುಳ್ಳು. ಅದರ ಮರುದಿನವೂ.

ಗಣಿಯವರಿಗೆ ಅದರ ಅರ್ಥ ಒಂದೇ. ಸಾಲಾಗಿ ತೋಡಿದ ಕುಳಿಗಳಲ್ಲಿ ಮದ್ದು ಒಂದರ ಹಿಂದೊಂದು ಕಣ್ಣು ಮಿಟುಕಿಸುವುದರೊಳಗೆ ಸಿಡಿದು ಮುಗಿಯಬೇಕು. ಅಷ್ಟು ಹೊತ್ತಿನ ಮೇಲೆ ಮತ್ತೆ ನಡುಗಿದೆಯೆಂದರೆ ಯಾವುದೋ ಕುಳಿ ತಡವಾಗಿ ಸಿಡಿದಿದೆ. ಅದು ಆಟದ ಮಾತಲ್ಲ. ಸಿಡಿದಾಯಿತೆಂದು ಒಳಗೆ ಕಾಲಿಟ್ಟವರು ಮನೆಗೆ ಮರಳುವುದಿಲ್ಲ. ತಡವಾಗಿ ಸಿಡಿಯುವ ಹಾಗೆ ಮದ್ದು ತುಂಬಿದವನ ಪರವಾನಗಿಯನ್ನು ಕಿತ್ತುಕೊಂಡು ಮನೆಗೆ ಕಳಿಸುತ್ತಾರೆ, ಮತ್ತೆ ಯಾವ ಗಣಿಯೂ ಅವನನ್ನು ಒಳಗೆ ಬಿಡುವುದಿಲ್ಲ. ಮೇಷ್ಟ್ರು ಬಚ್ಚಿಡಬಹುದಿತ್ತು. ಮುಳ್ಳುಗಳು ಮಿತಿಯ ಹತ್ತಿರಕ್ಕೂ ಬರುತ್ತಿರಲಿಲ್ಲ, ಯಾರೂ ಕೇಳುತ್ತಿರಲಿಲ್ಲ. ಆದರೆ ಅಳತೆಯಲ್ಲಿ ನೆಂಟಸ್ತಿಕೆ ನೋಡುವ ಮನುಷ್ಯ ಅವರಲ್ಲ, ಜೊತೆಗೆ ಇಷ್ಟು ಸಣ್ಣದನ್ನು ಕಂಡುಹಿಡಿದೆನಲ್ಲ ಎಂಬ ಹಮ್ಮೂ ಸ್ವಲ್ಪ ಇತ್ತು. ಕುಳಿ ತಡವಾಗಿ ಸಿಡಿಯುತ್ತಿರುವ ಶಂಕೆ ಎಂದು ಬರೆದು ಕೊಟ್ಟರು.

ಢಮ್ಮಣ್ಣ ಗಣಿಯ ಮ್ಯಾನೇಜರಮ್ಮನ ಮುಂದೆ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ. ಇಷ್ಟು ವರ್ಷ ಈ ಕಿವಿ ನಂಬಿಕೊಂಡೇ ಬದುಕಿದ್ದೇನೆ, ನನ್ನ ಕುಳಿಗಳೆಲ್ಲ ಹೊತ್ತಿಗೆ ಸರಿಯಾಗಿಯೇ ಸಿಡಿದಿವೆ ಎಂದ. ಮದ್ದಿನ ಪೆಟ್ಟಿಗೆ ಬದಲಾಯಿಸಿದರು, ತಂತಿ ಬದಲಾಯಿಸಿದರು. ಮುಳ್ಳು ಬದಲಾಗಲಿಲ್ಲ. ಕೊನೆಗೆ ಮ್ಯಾನೇಜರಮ್ಮ ಒಂದು ತೀರ್ಮಾನಕ್ಕೆ ಬಂದರು. ಒಂದು ದಿನ ಢಮ್ಮಣ್ಣ ಮದ್ದು ಮುಟ್ಟಬಾರದು, ಅವನ ಸಹಾಯಕನೇ ತುಂಬಿ ಸಿಡಿಸಬೇಕು. ಪೆಟ್ಟಿಗೆಯ ಪಕ್ಕದಲ್ಲಿ ತಾವೇ ಕೂತು ನೋಡುತ್ತಾರೆ. ಮುಳ್ಳು ಬರಲಿಲ್ಲವೆಂದರೆ ತಪ್ಪು ಇವನ ಕೈಯದೇ, ಪರವಾನಗಿ ಅವತ್ತೇ ವಾಪಸ್ಸು.

ಕಚೇರಿಯ ಮೆಟ್ಟಿಲಿಳಿಯುವಾಗ ಢಮ್ಮಣ್ಣ ಮೇಷ್ಟ್ರ ಪಕ್ಕದಲ್ಲೇ ಇಳಿದ. ಬೈಯುತ್ತಾನೆಂದು ಮೇಷ್ಟ್ರು ಮೈ ಬಿಗಿಹಿಡಿದರು.

"ಬರೆದಿದ್ದಕ್ಕೆ ಬೇಜಾರಿಲ್ಲ ಭಾವ," ಎಂದ ಅವನು. "ಬರೆಯೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಬಹುದಿತ್ತು."

ಮೇಷ್ಟ್ರಿಗೆ ಮುಖಕ್ಕೆ ಹೊಡೆದಂತಾಯಿತು. ಮನೆಗೆ ಬಂದು ಸ್ಲೇಟು ಕೈಗೆತ್ತಿಕೊಂಡರು. ನಿನ್ನ ತಮ್ಮನ ಕೆಲಸಕ್ಕೆ ಕುತ್ತು ಬಂದಿದೆ ಎಂದು ಬರೆಯಲು ಸುಣ್ಣದಕಡ್ಡಿ ಊರಿದವರು, ಅವಳಿಗ್ಯಾಕೆ ಸುಮ್ಮನೆ ಚಿಂತೆ ಎಂದು ಮನಸ್ಸು ಬದಲಾಯಿಸಿ, ಸೋಪು ತಂದಿದ್ದೇನೆ ಎಂದು ಬರೆದರು. ಅಯ್ಯೋ ಪುಣ್ಯಾತ್ಮ, ಅವತ್ತು ಅದೊಂದು ಸಾಲು ಬರೆದಿದ್ದರೆ ಎಲ್ಲವೂ ಅಲ್ಲೇ ಬಗೆಹರಿಯುತ್ತಿತ್ತು. ಆಕೆ ಓದಿ, ತಲೆಯಾಡಿಸಿ, ಸೋಪನ್ನು ಬಚ್ಚಲಿನಲ್ಲಿಟ್ಟು ಬಂದಳು.

ಆ ದಿನ ಬಂತು. ಮ್ಯಾನೇಜರಮ್ಮ ಮಡಚುವ ಕುರ್ಚಿಯೊಂದನ್ನು ತರಿಸಿಕೊಂಡು ಹಿತ್ತಲಲ್ಲಿ ಕೂತರು. ಮೇಷ್ಟ್ರು ಮ್ಯಾನೇಜರಮ್ಮನ ಎದುರು ಅರೆಬರೆ ಕೆಲಸ ಕಾಣಬಾರದೆಂದು ಮೈಕನ್ನು ಹೊರತೆಗೆದು, ಹೊಸ ಸ್ಪಂಜು ಹಾಕಿ, ಕೋಲಿಗೆ ಕಟ್ಟಿದರು. ಕೋಳಿಗಳು ಹತ್ತಿರ ಬಂದು ಕತ್ತು ಓರೆ ಮಾಡಿ ನೋಡಿದವು. ಢಮ್ಮಣ್ಣ ನೀರಿನ ತೊಟ್ಟಿಯ ಮರೆಯಲ್ಲಿ, ಗೋಡೆಗೆ ಆತುಕೊಂಡು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಒಳಗೆ ಹೋಗಿ ಅಕ್ಕನನ್ನು ನೋಡು ಎಂದು ಮೇಷ್ಟ್ರು ಎಷ್ಟು ಹೇಳಿದರೂ ಹೋಗಲಿಲ್ಲ. ಈ ಮುಖ ಹೊತ್ತುಕೊಂಡು ಅವಳೆದುರು ಹೋಗಲಾರೆ ಎಂದುಬಿಟ್ಟ. ಒಳಗೆ ಆಕೆಗೆ ಇದಾವುದೂ ಗೊತ್ತಿರಲಿಲ್ಲ. ಗಂಡನ ಪೆಟ್ಟಿಗೆ ನೋಡಲು ಯಾರೋ ಬಂದಿದ್ದಾರೆ ಎಂದಷ್ಟೇ ತಿಳಿದು, ಕಿಟಕಿಯ ಪರದೆ ಎಳೆದುಕೊಂಡಿದ್ದಳು.

ಸೈರನ್ ಕೂಗಿತು. ಬೀದಿ ನಿಂತಿತು. ಆ ಕ್ಷಣದಲ್ಲಿ ಮೇಷ್ಟ್ರಿಗೆ ಒಂದು ಥರ ಅನ್ನಿಸಿತು, ತಾವೂ, ಕುರ್ಚಿಯ ಮೇಲಿನ ಮ್ಯಾನೇಜರಮ್ಮನೂ, ಕೋಳಿಗಳೂ, ಹಗ್ಗದ ಮೇಲಿನ ಬಟ್ಟೆಗಳೂ ಯಾರೋ ಕಾಣುತ್ತಿರುವ ಕನಸಿನೊಳಗೆ ಇದ್ದೇವೆ, ಅವರು ಎದ್ದರೆ ನಾವಿಲ್ಲ. ತೊಟ್ಟಿಯ ನೀರಿನಲ್ಲಿ ಆಕಾಶದ ಒಂದು ತುಂಡು ಮಲಗಿತ್ತು. ಅದು ಮೆಲ್ಲಗೆ ಕದಡಿತು. ನೆಲ ಬಂತು, ಹಿಂದೆಯೇ ಸದ್ದು ಬಂತು, ಪೆಟ್ಟಿಗೆಯ ಪರದೆಯ ಮೇಲೆ ಮೂರು ಗೆರೆಗಳು ಗುಡ್ಡವಾಗಿ ಎದ್ದು ಇಳಿದವು, ನಾಲ್ಕನೆಯ ಗೆರೆ ಒಮ್ಮೆ ನೆಗೆದು ಬಿದ್ದಿತು. ಎಲ್ಲವೂ ನೆಟ್ಟಗಾಯಿತು. ಢಮ್ಮಣ್ಣ ಕಣ್ಣು ಮುಚ್ಚಿಕೊಂಡ.

ಮುಳ್ಳು ಎದ್ದಿತು. ಒಂದು, ಎರಡು, ಮೂರು.

ಮ್ಯಾನೇಜರಮ್ಮ ಕುರ್ಚಿಯಿಂದ ಎದ್ದರು. ಹಾಗಾದರೆ ಸಹಾಯಕನ ಕೈಯಲ್ಲೂ ಅದೇ ತಪ್ಪೇ ಎಂದು ಅವರು ಕೇಳುತ್ತಿದ್ದುದು ಮೇಷ್ಟ್ರ ಕಿವಿಗೆ ಬೀಳಲೇ ಇಲ್ಲ. ಅವರು ನೋಡುತ್ತಿದ್ದದ್ದು ನಾಲ್ಕನೆಯ ಗೆರೆಯನ್ನು. ಇಷ್ಟು ದಿನ ತಾವೇ ಕಿತ್ತಿಟ್ಟಿದ್ದ ಗೆರೆ. ಮುಳ್ಳುಗಳು ಎದ್ದ ಜಾಗದಲ್ಲಿ ಅದು ತಣ್ಣಗೆ ಮಲಗಿತ್ತು. ಗಣಿಯಲ್ಲಿ ಕುಳಿ ಸಿಡಿದಿದ್ದರೆ ಗಾಳಿಗೂ ಪೆಟ್ಟು ಬೀಳಬೇಕು, ಗೆರೆ ನೆಗೆಯಲೇಬೇಕು. ನೆಗೆದಿಲ್ಲ. ಅಂದರೆ ಇದು ಗಣಿಯದಲ್ಲ. ಮುಳ್ಳುಗಳು ಇಷ್ಟು ಚೂಪಾಗಿರಬೇಕಾದರೆ ದೂರದ್ದಂತೂ ಅಲ್ಲವೇ ಅಲ್ಲ. ಇಷ್ಟು ಸಾದಾ ವಿಷಯವನ್ನು ಬೀದಿಯಲ್ಲಿ ಕಂಡಕಂಡವರಿಗೆಲ್ಲ ಕೊರೆದಿದ್ದ ಮನುಷ್ಯ, ತನಗೇ ಒಂದು ಸಲ ಹೇಳಿಕೊಂಡಿರಲಿಲ್ಲ. ಅವರು ತಲೆಯೆತ್ತಿ, ಎರಡು ಗೇಣು ಆಚೆಗಿದ್ದ ಅಡುಗೆಮನೆಯ ಗೋಡೆಯನ್ನು ನೋಡಿದರು.

ಚಪ್ಪಲಿ ಬಿಟ್ಟು ಒಳಗೆ ಹೋದರು, ಬಾಗಿಲಲ್ಲೇ ನಿಂತರು. ಹೆಂಡತಿ ಆ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ನೆಲದ ಮೇಲೆ ಕೂತಿದ್ದಳು. ಎರಡೂ ಅಂಗೈ ನೆಲಕ್ಕೆ ಊರಿದ್ದವು. ಕಣ್ಣು ಮುಚ್ಚಿತ್ತು. ಮುಖದ ಮೇಲೆ ಎರಡು ವರ್ಷದಿಂದ ಅವರು ಕಾಣದ ಒಂದು ಬೆಳಕಿತ್ತು, ತುಟಿ ಸಣ್ಣಗೆ ಅರಳಿತ್ತು. ಬಲಗಾಲಿನ ಹಿಮ್ಮಡಿ ಇನ್ನೂ ನೆಲದಿಂದ ಸ್ವಲ್ಪ ಮೇಲಕ್ಕೆ ಎತ್ತಿಯೇ ಇತ್ತು.

ಹಿಂದಿನಿಂದ ಬಂದ ಢಮ್ಮಣ್ಣ ಮೇಷ್ಟ್ರ ಭುಜದ ಮೇಲಿಂದ ಇಣುಕಿದ. ಮೇಷ್ಟ್ರು ಪಿಸುದನಿಯಲ್ಲಿ, ಕೇಳಿಸದವಳ ಮುಂದೆ ಪಿಸುದನಿ ಯಾಕೋ ದೇವರಿಗೇ ಗೊತ್ತು, ಮುಳ್ಳು ಇವಳದ್ದು ಎಂದರು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ಮೂರು ಸಲ ತಾನೆ ಭಾವ? ಮೂರೇ ತಾನೆ?"

ಮೇಷ್ಟ್ರು ಹೂಂ ಎಂದರು. ಆಮೇಲೆ ಅವನು ಹೇಳಿದ್ದು ತುಂಡುತುಂಡಾಗಿ ಬಂತು. ಚಿಕ್ಕವರಿದ್ದಾಗ ಅವರಿಬ್ಬರ ಕೋಣೆಗಳ ಮಧ್ಯೆ ಒಂದು ಗೋಡೆ ಇತ್ತಂತೆ. ಕತ್ತಲೆಂದರೆ ಇವನಿಗೆ ಜೀವ ಹೋಗುವಷ್ಟು ಭಯ. ಭಯವಾದಾಗ ಗೋಡೆ ತಟ್ಟುತ್ತಿದ್ದ. ಆ ಕಡೆಯಿಂದ ಅಕ್ಕ ಮೂರು ಸಲ ತಟ್ಟುತ್ತಿದ್ದಳು. ಇಲ್ಲೇ ಇದ್ದೀನಿ ಕಣೋ ಎಂದು ಅದರರ್ಥ. ಎಷ್ಟು ಸಲ ತಟ್ಟಿದರೂ, ನಿದ್ದೆಯಲ್ಲಿದ್ದರೂ, ಅಕ್ಕ ತಟ್ಟದೆ ಬಿಟ್ಟದ್ದಿಲ್ಲ. ಇವನು ಅವಳ ಮೌನಕ್ಕೆ ಹೆದರಿ ಮನೆ ಬಿಟ್ಟು ದೂರ ಉಳಿದಿದ್ದನಲ್ಲ, ಅಷ್ಟು ದಿನವೂ ಅವಳು ಇವನ ಸಿಡಿತಕ್ಕಾಗಿ ಮಧ್ಯಾಹ್ನ ಮಧ್ಯಾಹ್ನ ನೆಲದ ಮೇಲೆ ಕೂತು ಕಾದಿದ್ದಳು. ಅವಳ ಪಾಲಿಗೆ ಅದು ಗಣಿಯಲ್ಲ, ತಮ್ಮ ಗೋಡೆ ತಟ್ಟುತ್ತಿದ್ದ.

ಢಮ್ಮಣ್ಣ ಬಗ್ಗಿ ಬೂಟು ಕಳಚಿದ. ಆ ದೈತ್ಯ ದೇಹವನ್ನು ಹೊತ್ತುಕೊಂಡು ಒಳಗೆ ಎರಡು ಹೆಜ್ಜೆ ಇಟ್ಟು, ಬರಿಗಾಲಿನಿಂದ ನೆಲಕ್ಕೆ ಒಮ್ಮೆ ಗುದ್ದಿದ. ಗೂಡಿನ ಲೋಟಗಳು ಕಿಣಿಗುಟ್ಟಿದವು.

ಅವಳ ಅಂಗೈಗಳು ಬೆಚ್ಚಿದವು. ಹಿಮ್ಮಡಿ ತಾನಾಗಿಯೇ ಎದ್ದು ನೆಲಕ್ಕೆ ಬಡಿಯಿತು, ಮೂರು ಸಲ. ಆಮೇಲೆ ಇವತ್ತಿನ ಸಿಡಿತ ಆಗಲೇ ಮುಗಿಯಿತಲ್ಲ ಎಂದು ಹೊಳೆದಿರಬೇಕು, ಕಣ್ಣು ಬಿಟ್ಟಳು. ನೋಡಿದಳು. ಬಾಯಿ ತೆರೆದಳು. ಏನೂ ಬರಲಿಲ್ಲ. ಉಗುಳು ನುಂಗಿ ಮತ್ತೆ ತೆರೆದಳು.

"ಗುಬ್ಬಿ," ಎಂದಳು. ದನಿ ತುಕ್ಕು ಹಿಡಿದಿತ್ತು, ಬೀದಿಗೆಲ್ಲ ಕೇಳುವಷ್ಟು ಜೋರಾಗಿತ್ತು. "ಊಟ ಮಾಡಿದ್ಯೇನೋ?"

ಅವನು ಇಲ್ಲವೆಂದು ತಲೆಯಾಡಿಸಿದ. ನಗುತ್ತಿದ್ದಾನೋ ಅಳುತ್ತಿದ್ದಾನೋ ಅವನಿಗೇ ಗೊತ್ತಿರಲಿಲ್ಲ. ಮ್ಯಾನೇಜರಮ್ಮ ಬಾಗಿಲ ಹೊರಗೆ ನಿಂತು ಎಲ್ಲವನ್ನೂ ಕಂಡಿದ್ದರು. ಹೋಗುವಾಗ ಮೇಷ್ಟ್ರನ್ನು ಪಕ್ಕಕ್ಕೆ ಕರೆದು, ಢಮ್ಮಣ್ಣ ನಾಳೆಯಿಂದ ಕೆಲಸಕ್ಕೆ ಬರಲಿ, ಆದರೆ ಇದನ್ನು ವರದಿಯಲ್ಲಿ ಏನೆಂದು ಬರೆಯುತ್ತೀರಿ ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ ಎಂದರು ಮೇಷ್ಟ್ರು. ಹಾಗೆಯೇ ಮೈಕಿನ ಮಾತೂ ಬರೆಯಿರಿ ಎಂದು ಹೇಳಿ, ಆಕೆ ಕುರ್ಚಿ ಮಡಚಿಸಿಕೊಂಡು ಹೊರಟರು. ಬೆನ್ನು ತಿರುಗಿಸಿ ಕರ್ಚೀಫಿನಿಂದ ಮೂಗು ಒರೆಸಿಕೊಂಡದ್ದು ಕೋಳಿಗಳಿಗೆ ಮಾತ್ರ ಕಂಡಿತು.

ತಮ್ಮ ಮೂರು ಸಲ ಬಡಿಸಿಕೊಂಡು ಉಂಡ. ಅಕ್ಕ ಎದುರಿಗೆ ಕೂತು, ತೆಳ್ಳಗಾಗಿದ್ದೀಯ ಎಂದಳು, ಅದು ಶುದ್ಧ ಸುಳ್ಳು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಬೈದಳು. ಮೇಷ್ಟ್ರು ಒಂದು ಮೂಲೆಯಲ್ಲಿ ನಿಂತು ನೋಡಿದರು. ಸಂತೋಷವಾಗಿತ್ತು, ಕಣ್ಣು ತುಂಬಿತ್ತು, ಅದರ ಜೊತೆಗೇ ಹೊಟ್ಟೆಯೊಳಗೆ ಕಿಚ್ಚೂ ಎದ್ದಿತ್ತು. ಎರಡು ವರ್ಷ ಒಂದೇ ಸೂರಿನಡಿ ಇದ್ದವನು ನಾನು, ಔಷಧಿ ಕೊಟ್ಟವನು ನಾನು, ಮೊದಲ ಮಾತು ಇವನಿಗಾ?

ತಮ್ಮ ಹೋದ ಮೇಲೆ ಮನೆ ಮತ್ತೆ ಸದ್ದಿಲ್ಲದಾಯಿತು. ಬೆಳಕು ನೆಲ ದಾಟಿ ಎದುರು ಗೋಡೆಯ ಬುಡಕ್ಕೆ ಬಂದಿತ್ತು. ಮೇಷ್ಟ್ರು ಸ್ಲೇಟು ಇಳಿಸಿಕೊಂಡು ಬರೆದರು: ನನ್ನ ಹತ್ತಿರ ಯಾಕೆ ಒಂದು ಮಾತೂ ಆಡಲಿಲ್ಲ?

ಆಕೆ ಓದಿದಳು. ಸುಣ್ಣದಕಡ್ಡಿಗೆ ಕೈ ಚಾಚಲಿಲ್ಲ. ಈ ಸಲ ದನಿ ಅಷ್ಟು ಜೋರಾಗಿರಲಿಲ್ಲ.

"ಅವನು ದಿನಾ ತಟ್ಟಿದ," ಎಂದಳು. "ನೀವೂ ಒಂದು ಸಲ ತಟ್ಟಬಹುದಿತ್ತಲ್ಲ."

ಮೇಷ್ಟ್ರು ಸ್ಲೇಟನ್ನು ಗೋಡೆಗೆ ಒರಗಿಸಿಟ್ಟರು. ಗೋಡೆ ಹಿಡಿದುಕೊಂಡು, ಮಂಡಿ ಕಟಕಟ ಎನ್ನಿಸುತ್ತಾ, ಅವಳ ಎದುರಿಗೆ ನೆಲದ ಮೇಲೆ ಕೂತರು. ಎಷ್ಟು ಜೋರಾಗಿ ತಟ್ಟಬೇಕೆಂದು ತಿಳಿಯದೆ ಮೊದಲು ನೆಲವನ್ನು ಬೆರಳ ಗಿಣ್ಣಿನಿಂದ ತಟ್ಟಿದರು, ಸಾಲದೆಂದು ತೋರಿ ಮುಷ್ಟಿ ಕಟ್ಟಿ ಗುದ್ದಿದರು. ಅಂಗೈಯನ್ನು ನೆಲಕ್ಕೆ ಚಪ್ಪಟೆಯಾಗಿ ಊರಿ ಕಾದರು. ಆಕೆ ಅವರನ್ನೇ ನೋಡುತ್ತಿದ್ದಳು. ಬಹಳ ಹೊತ್ತು ಏನೂ ಬರಲಿಲ್ಲ. ಇನ್ನು ಬರುವುದಿಲ್ಲ, ತಡವಾಯಿತು ಎಂದು ಮೇಷ್ಟ್ರು ತಲೆ ತಗ್ಗಿಸಿದರು.

ಆಗ ಅಂಗೈಯೊಳಗೆ ಅದು ಬಂತು. ಒಂದು. ಎರಡು. ಮೂರು. ಗೋಡೆಯಾಚೆ, ಮರಳಿನ ಚೀಲದ ಪಕ್ಕದಲ್ಲಿ, ಅವರು ಆರಿಸಲು ಮರೆತಿದ್ದ ಪೆಟ್ಟಿಗೆ ಎಚ್ಚರಗೊಂಡು ಬರೆದುಕೊಳ್ಳತೊಡಗಿತು.